ಡಾಕ್ಟರಮ್ಮ ಬಡಿದು ನೋಡಿದ ಬಾಗಿಲು

ಕೋವಿಡ್ ಕಳೆದ ಮರುವರ್ಷ, ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಉಪ್ಪಳದ ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ದಾರಿಯಲ್ಲಿ ನನ್ನದೊಂದು ಟಿಂಕರಿಂಗ್ ಶೆಡ್ ಇತ್ತು. ಬಗ್ಗಿದ ತಗಡನ್ನು ಬಡಿದು ಮೂಲ ಆಕಾರಕ್ಕೆ ತರುವುದು, ಉಜ್ಜಿ ಬಣ್ಣಕ್ಕೆ ಸಿದ್ಧಪಡಿಸುವುದು ನನ್ನ ಕೆಲಸ. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದೆ. ನನ್ನ ಕೈ ತಪ್ಪುವುದಿಲ್ಲ ಎಂಬ ಜಂಬವೂ ಸ್ವಲ್ಪ ಇತ್ತು.

ಮಂಜೇಶ್ವರದ ಐರಿನ್ ಡಾಕ್ಟರು ತಮ್ಮ ಹಳೆಯ ಇಂಗ್ಲಿಷ್ ಕಾರನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದದ್ದು ಆಗಲೇ. ಒಳನಾಡಿನ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಅವರು ಓಡಿಸುತ್ತಿದ್ದ ಕಾರು ಅದು. ನಿವೃತ್ತಿಯ ನಂತರ ಹದಿನಾರು ವರ್ಷ ನಿಂತಲ್ಲೇ ನಿಂತಿತ್ತು. ಉಪ್ಪುಗಾಳಿ ತಗಡನ್ನು ಕೆಳಗಿನಿಂದ ತಿನ್ನುತ್ತಾ ಬಂದಿತ್ತು.

ಬಾಗಿಲಿನ ರಬ್ಬರ್ ಬೀಡಿಂಗ್ ಕಿತ್ತಾಗ, ಬಿಸಿಲೇ ತಾಗದ ಒಂದು ಬೆರಳಗಲದ ಪಟ್ಟಿಯಲ್ಲಿ ಮೂಲ ಬಣ್ಣ ಸಿಕ್ಕಿತು. ಬೆಳಗಿನ ಮಂಜಿನ ಹಿಂದೆ ಕಾಣುವ ಕಡಲಿನಂಥ ನೀಲಿ. ಡಾಕ್ಟರು ಬಾಗಿ, ಕತ್ತು ಅತ್ತಿತ್ತ ಹೊರಳಿಸಿ, ಬಹಳ ಹೊತ್ತು ಅದನ್ನು ಹುಡುಕಿದರು.

"ನನಗೆ ಗ್ಲಾಕೋಮ ಉಂಟು ಸುಂದರಣ್ಣ," ಎಂದರು. "ಸುತ್ತಲಿನದ್ದೆಲ್ಲ ಹೋಯ್ತು. ನಡುವೆ ಇಷ್ಟು ಮಾತ್ರ ಕಾಣ್ತದೆ. ಅದೂ ಮುಚ್ಚುವ ಮೊದಲು ಈ ನೀಲಿ ಒಂದ್ಸಲ ಪೂರ್ತಿ ನೋಡ್ಬೇಕು."

ಕ್ರಿಸ್‌ಮಸ್‌ಗೆ ಮೊದಲು ಕೊಡುತ್ತೇನೆಂದು ಮಾತು ಕೊಟ್ಟೆ.

ಅಂಥ ಕೆಲಸದಲ್ಲಿ ದಿನಗಳು ಕರಗುವುದೇ ತಿಳಿಯುವುದಿಲ್ಲ. ತಗಡಿನ ಹಿಂದೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು, ಮುಂದಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಬೇಕು. ಉಬ್ಬು ತಗ್ಗು ಕಣ್ಣಿಗೆ ಸಿಗುವುದಿಲ್ಲ, ಅಂಗೈಗೆ ಸಿಗುತ್ತದೆ. ಕಣ್ಣು ಮುಚ್ಚಿ ಮಡ್‌ಗಾರ್ಡ್ ಸವರುತ್ತಾ ಕೂತರೆ ಹೆದ್ದಾರಿಯ ಸದ್ದು ದೂರವಾಗುತ್ತಿತ್ತು. ಉಜ್ಜಿದ ಧೂಳು ಮಾಡಿನ ಸಂದಿಯಿಂದ ಇಳಿಯುವ ಬಿಸಿಲಿನಲ್ಲಿ ತೇಲುತ್ತಿತ್ತು. ಬಾನೆಟ್, ಮಡ್‌ಗಾರ್ಡ್, ಡಿಕ್ಕಿ ಒಂದೊಂದಾಗಿ ತಮ್ಮ ಆಕಾರಕ್ಕೆ ಮರಳಿದವು.

ತೊಂದರೆ ಕೊಟ್ಟದ್ದು ಡ್ರೈವರ್ ಬದಿಯ ಬಾಗಿಲು. ಅದರ ಕೆಳಗಿನ ಐದು ಇಂಚು ಬಿಸ್ಕೆಟಿನಂತೆ ಪುಡಿಯಾಗಿತ್ತು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯಲು ಒಂದೂವರೆ ತಿಂಗಳು ಬೇಕು. ನಾನು ಕೊಯಮತ್ತೂರಿನ ಗುಜರಿಯಿಂದ ಅದೇ ಮಾದರಿಯ ಬೇರೊಂದು ಬಾಗಿಲು ತರಿಸಿದೆ. ಆ ಕಾಲದ ಕಾರುಗಳಲ್ಲಿ ಪ್ರತಿ ಬಾಗಿಲನ್ನೂ ಆಯಾ ಕಾರಿನ ಮೈಗೆ ಕೈಯಲ್ಲೇ ಹೊಂದಿಸುತ್ತಿದ್ದರು. ಇದು ಹೇಗೆ ಕೂರಿಸಿದರೂ ಮಡ್‌ಗಾರ್ಡಿನಿಂದ ಹರಿದು ಬರುವ ಗೆರೆ ಬಾಗಿಲಿನಲ್ಲಿ ಆರು ಮಿಲಿಮೀಟರ್ ಒಳಗೆ ಬೀಳುತ್ತಿತ್ತು. ಆ ತಗ್ಗಿಗೆ ಪುಟ್ಟಿ ಎಂಬ ಒಣಗಿ ಗಟ್ಟಿಯಾಗುವ ಲೇಪ ತುಂಬಿ, ಉಜ್ಜಿ, ಮೇಲೆ ಬಣ್ಣದ ಕೆಳಪದರವಾದ ಬೂದು ಪ್ರೈಮರ್ ಹೊಡೆದೆ. ಗೆರೆ ನೇರವಾಯಿತು. ಡಾಕ್ಟರಿಗೆ ಹೇಳಲಿಲ್ಲ. ಅವರ ಕಣ್ಣಿಗಾಗಿ ಅವಸರ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ನನಗೆ ಬೇಸರ ಬಂದಿತ್ತು.

ಬಣ್ಣ ಹೊಡೆಯುವ ಹಿಂದಿನ ದಿನ ಅವರು ಬಂದರು. ಬೂದುಬಣ್ಣದ ಕಾರನ್ನು ಮುಂದಿನಿಂದ ಹಿಂದಕ್ಕೆ ಸವರುತ್ತಾ ಬಾಗಿಲ ಬಳಿ ನಿಂತರು. ಎಡಗೈಯ ಬೆರಳನ್ನು ತಗಡಿನ ಮೇಲಿಟ್ಟು, ಬಲಗೈಯ ನಡುಬೆರಳಿನಿಂದ ಅದರ ಮೇಲೆ ಬಡಿದರು. ರೋಗಿಯ ಎದೆಯನ್ನು ಬಡಿದು ನೋಡುವ ಹಾಗೆಯೇ. ಎರಡು ಬೆರಳಗಲ ಸರಿದು ಮತ್ತೆ ಬಡಿದರು. ಮಡ್‌ಗಾರ್ಡಿನಲ್ಲಿ ಸದ್ದು ಟಣ್ ಎನ್ನುತ್ತಿತ್ತು. ಇಲ್ಲಿ ಮಂದವಾಗಿತ್ತು.

"ಇದರೊಳಗೆ ಎಂತ ತುಂಬಿಸಿದ್ದೀರಿ?"

ಸುಳ್ಳು ಹೇಳಬಹುದಿತ್ತು, ಆದರೆ ಅವರ ಬೆರಳು ಇನ್ನೂ ಅಲ್ಲೇ ಇತ್ತು. ಎಲ್ಲವನ್ನೂ ಹೇಳಿದೆ.

"ಇದು ಎಷ್ಟು ದಿನ ನಿಲ್ತದೆ?"

"ಎರಡು ಬೇಸಿಗೆ. ಮತ್ತೆ ಬಿರುಕು ಬರ್ತದೆ."

ಅವರು ಸಿಟ್ಟಾಗಲಿಲ್ಲ. ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. "ನನ್ನ ಬಾಗಿಲು ಬಿಸಾಡಿದ್ರಾ?"

"ಇಲ್ಲ, ಹಿಂದೆ ಉಂಟು."

"ಹಾಗಾದ್ರೆ ಅದನ್ನೇ ಮಾಡಿ."

"ಡಾಕ್ಟ್ರೇ, ಜನವರಿ ದಾಟ್ತದೆ. ಅಷ್ಟರಲ್ಲಿ ನಿಮ್ಮ ಕಣ್ಣು..."

"ಕಣ್ಣು ನನ್ನದಲ್ವಾ ಮಾರಾಯ, ಅದರ ಚಿಂತೆ ನನಗಿರಲಿ. ನೀವು ಬಾಗಿಲು ನೋಡಿ."

ಮರುದಿನವೇ ಪುಟ್ಟಿಯ ಬಾಗಿಲನ್ನು ಬಿಚ್ಚಿದೆ. ಹಳೆಯ ಬಾಗಿಲಿನ ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿದೆ. ಹೊಸ ಪಟ್ಟಿಯನ್ನು ಅಂಗುಲ ಅಂಗುಲವಾಗಿ ಬೆಸೆದೆ. ಒಂದೇ ಕಡೆ ಹೆಚ್ಚು ಬಿಸಿಯಾದರೆ ತಗಡು ಸೊಟ್ಟಗಾಗುತ್ತದೆ. ಬೆಸುಗೆಯ ಒಂದು ಹೊಲಿಗೆ ಹಾಕಿ, ತಣಿಯಲು ಬಿಟ್ಟು, ಕಡಲ ಕಡೆ ನೋಡುತ್ತಾ ಕೂರುತ್ತಿದ್ದೆ. ಪ್ರತಿ ಸಲವೂ ಅವರ ಕಣ್ಣಿನ ಆ ಸಣ್ಣ ವೃತ್ತ ಎಷ್ಟು ಮುಚ್ಚಿರಬಹುದೆಂದು ಯೋಚನೆ ಬರುತ್ತಿತ್ತು. ಬಾಗಿಲನ್ನು ಕೂರಿಸಿದಾಗ ಸುತ್ತಲಿನ ಸಂದಿ ಎಲ್ಲ ಕಡೆ ನಾಲ್ಕು ಮಿಲಿಮೀಟರ್ ಇತ್ತು. ಗೆರೆ ತಾನಾಗಿಯೇ ಕೂಡಿತು, ನಾನು ಏನೂ ಮಾಡಬೇಕಾಗಲಿಲ್ಲ.

ನೀಲಿ ಬಣ್ಣ ಹೊಡೆದು, ಪರಿಚಯದ ಮೆಕ್ಯಾನಿಕ್‌ನಿಂದ ಎಂಜಿನ್ ಸರಿಮಾಡಿಸಿ, ಫೆಬ್ರವರಿಯ ಒಂದು ಬೆಳಿಗ್ಗೆ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದೆ. ಡಾಕ್ಟರು ತಂಗಿಯ ಕೈ ಹಿಡಿದು ಬಂದರು.

"ಈಗ ಒಂದು ಬಟ್ಟಲಿನಷ್ಟು ಕಾಣ್ತದೆ," ಎಂದರು.

ತಂಗಿಯ ಕೈ ಬಿಟ್ಟು, ಹೆಡ್‌ಲೈಟಿನಿಂದ ಶುರುಮಾಡಿ, ಬಟ್ಟಲು ಬಟ್ಟಲಾಗಿ ಇಡೀ ಕಾರನ್ನು ನೋಡಿದರು. ಒಂದು ಸುತ್ತು ಮುಗಿಯಲು ಅರ್ಧ ಗಂಟೆ ಹಿಡಿಯಿತು. ನೀಲಿಯ ಮೇಲೆ ಮೋಡಗಳು ಹಾದುಹೋಗುತ್ತಿದ್ದವು, ಅವರು ಅವುಗಳನ್ನೂ ನಿಂತು ನೋಡುತ್ತಿದ್ದರು.

"ಪೂರ್ತಿ ನೋಡಿದೆ," ಎಂದರು ಕೊನೆಗೆ. ತಂಗಿ ಕಾರು ಓಡಿಸಿದರು. ಮನೆಯ ಕಡೆ ತಿರುಗದೆ ಇಬ್ಬರೂ ಕುಂಬಳೆಯ ಕಡೆಗೆ ಹೋದರು.

ಅವಸರದಲ್ಲಿ ಮಾಡಿದ ದಯೆಯೂ ಮೋಸವಾಗಬಹುದೆಂದು ಈ ಕೆಲಸ ನನಗೆ ಕಲಿಸಿದ್ದು ಹಾಗೆ. ಅಂದಿನಿಂದ ಪ್ರೈಮರ್ ಹೊಡೆಯುವ ಮೊದಲು, ತಗಡು ಬೆತ್ತಲೆಯಾಗಿರುವಾಗಲೇ ಮಾಲೀಕರನ್ನು ಕರೆಯುತ್ತೇನೆ. ಎಲ್ಲಿ ಕೊಳೆತಿದೆ, ಏನು ಮಾಡಲಿದ್ದೇನೆ, ಎಷ್ಟು ದಿನ ಬೇಕು ಎಂದು ತೋರಿಸುತ್ತೇನೆ. ಕೆಲವರು ಅದನ್ನು ನೋಡಿ ಹೆದರಿ ಕಾರನ್ನು ವಾಪಸು ಕೊಂಡುಹೋಗುತ್ತಾರೆ. ನಾನು ತಡೆಯುವುದಿಲ್ಲ.