ಹಲ್ಲಿಯಿಲ್ಲದ ಮನೆ

ಆವತ್ತು ನುಡಿದದ್ದು ಹಲ್ಲಿಯಲ್ಲ. ನಾನು.

ಆರು ವರ್ಷಗಳಿಂದ ಈ ಒಂದು ಮಾತನ್ನು ಬಾಯಿಯ ತನಕ ತಂದು ನುಂಗಿದ್ದೇನೆ. ಈಗ ಬರೆದುಬಿಟ್ಟೆ — ಇನ್ನು ಅಳಿಸುವುದಿಲ್ಲ. ಯಾರಾದರೂ ಮಾತಾಡಿದ ಬೆನ್ನಿಗೆ ಹಲ್ಲಿ ನುಡಿದರೆ ಆ ಮಾತು ನಿಜವೆಂದು ನಿಮ್ಮ ಮನೆಯ ನಂಬಿಕೆ. ನೆಲಕ್ಕೆ ಮೂರು ಸಲ ಬೆರಳು ಬಡಿದು ಅದನ್ನು ಒಪ್ಪಿಕೊಳ್ಳುವುದು ನಿಮ್ಮ ಪದ್ಧತಿ. ಮದುವೆಯಾದ ಹೊಸದರಲ್ಲಿ ಅದನ್ನು ನೋಡಿ ನಾನು ಎಷ್ಟು ನಕ್ಕಿದ್ದೆ. ನಕ್ಕವಳೇ ಆ ನಂಬಿಕೆಯನ್ನು ಹಿಡಿದು ನಿಮಗೆ ಮೋಸ ಮಾಡಿದೆ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಪ್ರಯೋಗವನ್ನು ಕ್ರಮವಾಗಿ ಬರೆಯಿರಿ, ಮೊದಲು ಮಾಡಿದ್ದು, ಆಮೇಲೆ ಕಂಡದ್ದು ಎಂದು ಮಕ್ಕಳ ಪ್ರಾಣ ತಿನ್ನುತ್ತೇನೆ. ನಿಮಗೆ ಗೊತ್ತಿರುವುದನ್ನೂ ಸೇರಿಸಿ ನಾನೂ ಹಾಗೆಯೇ ಬರೆಯುತ್ತೇನೆ.

ಮಾಳಮಡ್ಡಿಯ ನಮ್ಮ ಹಳೆಯ ಮನೆ ನೆನಪಿದೆಯೇ — ಹಾಗೆ ಕೇಳುವ ಮುಖವೂ ನನಗಿಲ್ಲ. ರಸ್ತೆಗೆ ಬಾಗಿಲಿದ್ದ ಮುಂದಿನ ಖೋಲಿ, ನಡುವೆ ಪಡಸಾಲೆ, ಹಿಂದೆ ಅಡುಗೆಮನೆ. ಅಷ್ಟರಲ್ಲೇ ನಾವಿಬ್ಬರು, ಅತ್ತೆ, ನಮ್ಮ ಮಗಳು ಸ್ಮಿತಾ. ಮನೆಯ ಮೇಲಿನ ಬ್ಯಾಂಕಿನ ಸಾಲ ತೀರಲು ಇನ್ನೂ ಕೆಲವು ವರ್ಷ ಬಾಕಿ ಇತ್ತು. ಆಗಲೇ ಹೊಲ ಮಾರಿದ ದುಡ್ಡಿನಲ್ಲಿ ನಿಮ್ಮ ಪಾಲು ಕೈಗೆ ಬಂತು. ಅದು ಎರಡರಲ್ಲಿ ಒಂದಕ್ಕೆ ಸಾಕಾಗುತ್ತಿತ್ತು: ಸಾಲವನ್ನೆಲ್ಲ ಒಮ್ಮೆಗೇ ಮುಟ್ಟಿಸಿ ಅದೇ ಮನೆಯಲ್ಲಿ ನಿಶ್ಚಿಂತೆಯಿಂದ ಇರುವುದಕ್ಕೆ; ಇಲ್ಲವೇ ಆ ಮನೆ ಮಾರಿ, ಮತ್ತೆ ಇಪ್ಪತ್ತು ವರ್ಷದ ಹೊಸ ಸಾಲ ಹೊತ್ತು, ರಾಯಾಪುರದಲ್ಲಿ ಏಳುತ್ತಿದ್ದ ಮೂರು ಬೆಡ್‌ರೂಮಿನ ಫ್ಲ್ಯಾಟಿಗೆ ಹೋಗುವುದಕ್ಕೆ.

ನಿಮಗೆ ಬೇಕಾಗಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹುಬ್ಬಳ್ಳಿಯ ಸಿಮೆಂಟ್ ಗೋಡೌನಿನ ಸುಪರ್‌ವೈಸರ್ ಕೆಲಸ ಬಿಡಬೇಕು. ಆ ಧೂಳು, ಆ ಕೆಮ್ಮು, ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಮಾಲಕನ ಮಗ ಎಲ್ಲರೆದುರು ‘ಲೇ ಬಸ್ಯಾ’ ಎಂದು ಕರೆಯುವುದು — ಸಾಲ ತೀರಿದ ಮರುದಿನವೇ ಅದಕ್ಕೆಲ್ಲ ರಾಜೀನಾಮೆ. ಆಮೇಲೆ ಮುಂದಿನ ಖೋಲಿಯ ಬಾಗಿಲು ತೆರೆದಿಟ್ಟು ಹೊಲಿಗೆ ಮಷೀನು ರಿಪೇರಿ ಮಾಡುತ್ತ ಕೂರುವುದು. ಚಿಕ್ಕಂದಿನಲ್ಲಿ ಸೋದರಮಾವನ ಅಂಗಡಿಯಲ್ಲಿ ಕಲಿತ ಕೆಲಸ. ರವಿವಾರ ಓಣಿಯ ಹೆಂಗಸರು ತಂದಿಟ್ಟ ಮಷೀನು ಬಿಚ್ಚಿಕೊಂಡು ಕೂತರೆ ನಿಮಗೆ ಊಟದ ನೆನಪೂ ಇರುತ್ತಿರಲಿಲ್ಲ. ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ತಲೆ ವಾಲಿಸಿ ಅದರ ಸದ್ದಿಗೆ ಕಿವಿಗೊಟ್ಟು, ಒಬ್ಬರೇ ನಗುತ್ತಿದ್ದಿರಿ. ಆ ನಗೆ ನೋಡಿ ಆರು ವರ್ಷವಾಯಿತು.

ನನಗೆ ಬೇಕಾಗಿದ್ದು? ಸ್ಮಿತಾಳಿಗೆ ಓದಲು ಒಂದು ಖೋಲಿ ಬೇಕು ಎಂದೆ. ಸುಳ್ಳಲ್ಲ. ಮುಂದಿನ ಖೋಲಿಯೇ ಅವಳ ಓದಿನ ಜಾಗ. ಅದು ಅಂಗಡಿಯಾದರೆ ಹುಡುಗಿ ಎಲ್ಲಿಗೆ ಹೋಗಬೇಕು? ಆದರೆ ಪೂರ್ತಿ ನಿಜವೂ ಅಲ್ಲ. ಕೇಶ್ವಾಪುರದಲ್ಲಿ ನನ್ನ ತಂಗಿಯ ಹೊಸ ಮನೆ ನೋಡಲು ಹೋಗಿದ್ದೆವಲ್ಲ, ಆವತ್ತು ಅವಳು ಒಂದೊಂದೇ ಬಾಗಿಲು ತೆಗೆದು ತೋರಿಸುತ್ತ, “ಅಕ್ಕಾ, ಇದು ಬಂದವ್ರಿಗೆ ಅಂತ ಮಾಡಿಸಿದ ರೂಮು. ನೀ ಬಂದ್ರ ಇಲ್ಲೇ ಇರಾಕ ಬರ್ತದ ನೋಡು” ಎಂದಳು. ಪ್ರೀತಿಯಿಂದಲೇ ಅಂದಳು. ನಾನು ಮಾತ್ರ ನಮ್ಮ ಮನೆಯ ಮುಂದೆ ‘ಹೊಲಿಗೆ ಮಷೀನು ರಿಪೇರಿ’ ಎಂಬ ಬೋರ್ಡು ನೇತಾಡುವುದನ್ನು, ಅದನ್ನು ಅವಳು ಓದುವುದನ್ನು ನೆನೆದು ನಾಚಿಕೆಪಟ್ಟೆ.

ಆ ರವಿವಾರ ಸಂಜೆಯೊಳಗೆ ಬಿಲ್ಡರನಿಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಮಧ್ಯಾಹ್ನ ನೀವು, ಅತ್ತೆ, ಸ್ಮಿತಾ ಪಡಸಾಲೆಯ ನೆಲದ ಮೇಲೆ ಊಟಕ್ಕೆ ಕೂತಿದ್ದಿರಿ. ನಾನು ರೊಟ್ಟಿ ತರಲು ಒಳಗೆ ಹೋಗಿ, ಬಾಗಿಲಿನ ಪರದೆಯ ಹಿಂದೆ ನಿಂತಿದ್ದೆ. ಎರಡು ವಾರದಿಂದ ನನ್ನ ಬಿಗಿದ ಮುಖ ನೋಡಿ ನಿಮಗೆ ಸಾಕಾಗಿತ್ತೇನೋ — ಅರ್ಧ ಅತ್ತೆಗೆ, ಅರ್ಧ ನಿಮಗೇ ಹೇಳಿಕೊಂಡಿರಿ:

“ಇಲ್ಲಾಂದ್ರ ರಾಯಾಪುರದ ಫ್ಲ್ಯಾಟೇ ತೊಗೊಂಡು ಬಿಡೂಣೇನವಾ? ಎಲ್ಲಾರಿಗೂ ಛಲೋ ಆದೀತು.”

ನನ್ನ ನಾಲಿಗೆ ಅಂಗುಳಕ್ಕೆ ಅಂಟಿ, ಬಿಟ್ಟಿತು. ಲೊಚ್, ಲೊಚ್, ಲೊಚ್. ಗರಗದ ತವರುಮನೆಯಲ್ಲಿ ಅಜ್ಜಿಯನ್ನು ಕಾಡಲೆಂದು ಅಣ್ಣನಿಂದ ಕಲಿತ ವಿದ್ಯೆ ಅದು. ಪ್ರತಿ ಸಲವೂ ಅಜ್ಜಿ ನೂಲುವುದನ್ನು ನಿಲ್ಲಿಸಿ ನೆಲಕ್ಕೆ ಬೆರಳು ಬಡಿಯುತ್ತಿದ್ದಳು. ನಾವು ನಕ್ಕು ಓಡುತ್ತಿದ್ದೆವು. ಮದುವೆಯಾದ ಮೇಲೆ ಒಮ್ಮೆಯೂ ಮಾಡಿರಲಿಲ್ಲ. ನಿಮಗೆ ಗೊತ್ತಿರಲು ಕಾರಣವೇ ಇಲ್ಲ.

ಅತ್ತೆ ಎಡಗೈಯಿಂದ ನೆಲ ಬಡಿದರು. “ಶಿವಾ ಶಿವಾ. ನುಡೀತು ನೋಡಪಾ ಬಸೂ. ನಿನ್ನ ಮಾತು ಖರೇ ಅದ.”

ನೀವೂ ಬಡಿದಿರಿ. ಆಮೇಲೆ ಒಂದೇ ಒಂದು ಸಲ ಮುಂದಿನ ಖೋಲಿಯ ಕಡೆ ತಿರುಗಿದಿರಿ. ನಾನು ಪರದೆ ಸರಿಸಿ ಬಂದು ರೊಟ್ಟಿ ಬಡಿಸಿದೆ. ಟ್ಯೂಬ್‌ಲೈಟಿನ ಪಕ್ಕ ದಿನವೂ ಇರುತ್ತಿದ್ದ ಹಲ್ಲಿ ಅಲ್ಲೇ ಇತ್ತು. ತಲೆ ಕೆಳಗೆ ಮಾಡಿ, ಅಲುಗಾಡದೆ, ನನ್ನನ್ನೇ ನೋಡುತ್ತಿತ್ತು. ಹಲ್ಲಿಗಳು ಹಾಗೆ ಯಾರನ್ನೂ ನೋಡುವುದಿಲ್ಲ, ಅದು ನನಗೆ ಗೊತ್ತು.

ರಾಯಾಪುರದ ಈ ಎಂಟನೆಯ ಅಂತಸ್ತಿನ ಫ್ಲ್ಯಾಟಿಗೆ ಬಂದ ಮೇಲೆ ಅತ್ತೆ ಮೊದಲು ಗಮನಿಸಿದ್ದು ಗೋಡೆಗಳನ್ನು. ಕಿಟಕಿಗೆಲ್ಲ ಜಾಲರಿ, ಗೋಡೆಗೆಲ್ಲ ಹೊಸ ಬಿಳಿ ಬಣ್ಣ. “ಒಂದರೆ ಹಲ್ಲಿ ಇಲ್ಲಲ್ಲವಾ ಈ ಮನ್ಯಾಗ,” ಎಂದರು. “ಖರೇ ಯಾವುದು, ಸುಳ್ಳು ಯಾವುದು, ಹೇಳಾವ್ರು ಯಾರು ಇನ್ನ?” ತೀರಿಕೊಳ್ಳುವ ತನಕ, ಪೂರಾ ಎರಡು ವರ್ಷ, ದಿನಕ್ಕೊಮ್ಮೆ ಕನ್ನಡಕ ಹಾಕಿಕೊಂಡು ಗೋಡೆ ನೋಡುತ್ತಿದ್ದರು.

ಹಲ್ಲಿ ಇರಲಿಲ್ಲ. ಸದ್ದು ಮಾತ್ರ ಇತ್ತು.

ಮೊದಲ ಸಲ ಗೃಹಪ್ರವೇಶದ ದಿನವೇ. ತಂಗಿಗೆ ಮನೆ ತೋರಿಸುತ್ತ, “ಖರೇ ಅಂದ್ರ ನಮ್ಮನಿಯವ್ರಿಗೇ ಭಾಳ ಆಸೆ ಇತ್ತು” ಎಂದೆ. ಹತ್ತಿರದಲ್ಲೇ — ತೀರ ಹತ್ತಿರದಲ್ಲೇ — ಲೊಚ್, ಲೊಚ್, ಲೊಚ್. ನೀವು ಕೈಯಲ್ಲಿದ್ದ ನೀರಿನ ತಂಬಿಗೆ ಇಟ್ಟು, ಬಗ್ಗಿ, ನೆಲಕ್ಕೆ ಬೆರಳು ಬಡಿದಿರಿ. ಅಂದರೆ ನಿಮಗೂ ಕೇಳಿಸಿತ್ತು. ತಂಗಿ ಗೋಡೆಯ ಮೇಲೆಲ್ಲ ಕಣ್ಣಾಡಿಸಿದಳು.

ಆಮೇಲೆ, ಅಣ್ಣನಿಗೆ ಫೋನಿನಲ್ಲಿ “ಅವ್ರು ಆರಾಮ ಅದಾರ” ಎಂದಾಗ. ಪಕ್ಕದ ಮನೆಯವರಿಗೆ “ಇಲ್ಲಿಗೆ ಬಂದದ್ದು ಛಲೋನ ಆತ್ರಿ” ಎಂದಾಗ. ಯಾವಾಗಲೂ ನನ್ನ ಸುಳ್ಳಿನ ಬೆನ್ನಿಗೇ, ಅದನ್ನು ನಿಜವೆಂದು ಸಾರುವಂತೆ. ಫ್ರಿಜ್ ಸರಿಸಿ ನೋಡಿದೆ, ಪರದೆ ಜಾಡಿಸಿದೆ. ಅಟ್ಟದ ಮೇಲಿದ್ದ ನಿಮ್ಮ ರಿಪೇರಿ ಸಾಮಾನಿನ ಪೆಟ್ಟಿಗೆಯನ್ನೂ ಇಳಿಸಿ ತೆಗೆದೆ — ಎಣ್ಣೆ ಒಣಗಿ ಅಂಟಾಗಿತ್ತು, ಸ್ಕ್ರೂಡ್ರೈವರುಗಳಿಗೆ ತುಕ್ಕು ಹಿಡಿದಿತ್ತು. ಕೊನೆಗೆ ಜಿರಳೆ ಔಷಧ ಹೊಡೆಯುವವನನ್ನು ಕರೆಸಿದೆ. ಅವನು ಮೂಲೆ ಮೂಲೆಗೆ ಬ್ಯಾಟರಿ ಬಿಟ್ಟು ನೋಡಿ, “ಹಲ್ಲಿ ಬಿಡ್ರಿ ಅಕ್ಕಾರ, ಅದರ ಹಿಕ್ಕಿ ಸುದ್ದಾ ಇಲ್ರಿ ಇಲ್ಲಿ” ಎಂದು ಹೇಳಿ ಹೋದ.

ಹೋದ ತಿಂಗಳು ಸ್ಮಿತಾ ನಗುತ್ತ ಕೇಳಿದಳು: “ಮಮ್ಮಿ, ಹಲ್ಲಿ ಹಂಗ ಸಪ್ಪಳಾ ಮಾಡೋದು ಎಲ್ಲಿ ಕಲ್ತೀ ನೀ? ಮಾತಾಡಿ ಮುಗಿಸಿ ಮಾಡ್ತೀ. ಮಲಕೊಂಡಾಗ ಸುದ್ದಾ ಮಾಡ್ತೀ.”

ನಾನು ನಗಲಿಲ್ಲ. ಅವಳು ಕಾಲೇಜಿಗೆ ಹೋದ ಮೇಲೆ ಕನ್ನಡಿಯ ಮುಂದೆ ನಿಂತು, ‘ನಾವೆಲ್ಲ ಸುಖವಾಗಿದ್ದೇವೆ’ ಎಂದು ಹೇಳಿ ತುಟಿ ಮುಚ್ಚಿದೆ. ಒಳಗೆ ನಾಲಿಗೆ ತಾನಾಗಿಯೇ ಮೇಲೆದ್ದಿತು. ಅಂಗುಳಕ್ಕೆ ಅಂಟಿತು. ಮೂರು ಸಲ ಬಿಟ್ಟಿತು. ನಾನು ಅದಕ್ಕೆ ಹೇಳಿರಲಿಲ್ಲ, ತಡೆಯಲೂ ಆಗಲಿಲ್ಲ. ವಿಜ್ಞಾನದಲ್ಲಿ ಇದಕ್ಕೊಂದು ವಿವರಣೆ ಇದ್ದೀತು, ಹುಡುಕಿದರೆ ಸಿಕ್ಕೀತು. ಹುಡುಕುವ ಧೈರ್ಯ ನನಗಿಲ್ಲ.

ಮತ್ತೆ ಮೊನ್ನೆ ರವಿವಾರ — ಊಟವಾದ ಮೇಲೆ ಅಡ್ಡಾಗಿದ್ದವಳಿಗೆ ಯಾವುದೋ ಸದ್ದಿಗೆ ಎಚ್ಚರವಾಯಿತು. ಟಕ್, ಟಕ್, ಟಕ್. ಕಣ್ಣು ತೆರೆದೆ. ನೀವು ಮಂಚದ ಪಕ್ಕದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಿರಿ. ನನ್ನ ಬಾಯಿಯನ್ನೇ ನೋಡುತ್ತ, ಟೈಲ್ಸಿಗೆ ಬೆರಳು ಬಡಿಯುತ್ತಿದ್ದಿರಿ. ತಲೆ ಒಂದು ಕಡೆ ವಾಲಿತ್ತು, ಮಷೀನಿನ ಸದ್ದು ಕೇಳುವಾಗ ವಾಲುತ್ತಿದ್ದ ಹಾಗೆಯೇ. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದಿರೋ — ಎಷ್ಟು ರವಿವಾರಗಳಿಂದಲೋ —

“ಮಲಕೋ ಶೋಭಾ,” ಎಂದಿರಿ. “ಅದು ಇನ್ನೂ ಹೇಳಾಕತ್ತಿತ್ತು.”

ನೀನು ಎನ್ನಲಿಲ್ಲ, ಅದು ಎಂದಿರಿ. ಆಮೇಲೆ ಎದ್ದು ಹೋಗಿ ಸೋಮವಾರದ ಅಂಗಿಗೆ ಇಸ್ತ್ರಿ ಮಾಡಿದಿರಿ. ಒಳಗಿನಿಂದ ನಿಮ್ಮ ಕೆಮ್ಮು ಕೇಳಿಸುತ್ತಿತ್ತು. ನಿಮಗೆ ಎಲ್ಲವೂ ಗೊತ್ತೋ, ಏನೂ ಗೊತ್ತಿಲ್ಲವೋ, ನನಗೆ ತಿಳಿಯದು. ಕೇಳಲು ಹೆದರಿಕೆ.

ಇನ್ನೊಂದು ಉಳಿದಿದೆ. ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ ಹಗುರಾಗಬಹುದಿತ್ತು, ಹಾಗೆ ಮಾಡೋಣವೆಂದೇ ಈ ಹಾಳೆ ಹಿಡಿದಿದ್ದೆ. ಆರು ವರ್ಷದ ಹಿಂದಿನ ಅದೇ ರವಿವಾರ, ಮುಂಜಾನೆ, ನೀವು ಪಡಸಾಲೆಯಲ್ಲಿ ಅತ್ತೆಗೆ ಹೇಳುತ್ತಿದ್ದಿರಿ: “ಅವ್ವಾ, ಸಾಲ ಮುಟ್ಟಿಸಿ ಇಲ್ಲೇ ಇರೂಣು. ಮುಂದಿನ ಖೋಲ್ಯಾಗ ಮಷೀನ್ ಇಟಗೊಂಡು ಕುಂದರ್ತೇನಿ.” ಆಗ ಅಡುಗೆಮನೆಯಲ್ಲಿ, ಡಬ್ಬಿಗಳ ಹಿಂದಿನಿಂದ, ಹಲ್ಲಿ ನುಡಿಯಿತು. ನಿಜವಾದ ಹಲ್ಲಿ. ನಿಮಗೆ ಕೇಳಿಸಲಿಲ್ಲ, ಅಲ್ಲಿ ಇದ್ದವಳು ನಾನೊಬ್ಬಳೇ. ಹಿಟ್ಟು ನಾದುತ್ತಿದ್ದ ಕೈ ನಿಂತಿತು. ಹಲ್ಲಿಯ ಸದ್ದಿಗೂ ಮನುಷ್ಯರ ಮಾತಿಗೂ ಸಂಬಂಧವಿಲ್ಲವೆಂದು ಪ್ರತಿವರ್ಷ ಮಕ್ಕಳಿಗೆ ಹೇಳುವವಳು ನಾನು. ಅದನ್ನು ನಾನು ನಂಬಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನಗಲಿಲ್ಲ, ಹೆದರಿದೆ. ಅದು ಮತ್ತೊಮ್ಮೆ ನಿಮಗೆ ಕೇಳಿಸುವಂತೆ ನುಡಿದುಬಿಟ್ಟೀತೆಂದು ಹೆದರಿ, ಅದಕ್ಕಿಂತ ಮೊದಲು ನಾನು ನುಡಿದೆ.

ಮಾಳಮಡ್ಡಿಯ ಮನೆ ಕೊಂಡವರು ಮುಂದಿನ ಖೋಲಿಯ ಬಾಗಿಲು ತೆಗೆಸಿ ಗೋಡೆ ಕಟ್ಟಿಸಿದ್ದಾರೆ. ಶಾಲೆ ಬಿಟ್ಟ ಮೇಲೆ ಹೋಗಿ ನೋಡಿಬಂದೆ. ಅದನ್ನು ನಾನು ತೆರೆದುಕೊಡಲಾರೆ. ಈ ಮನೆಯ ಸಾಲ ನಿಮಗೆ ಅರವತ್ತಾದ ಮೇಲೂ ಇರುತ್ತದೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.

ನಾಳೆ ಮುಂಜಾನೆ, ನೀವು ಗೋಡೌನಿಗೆ ಹೊರಡುವ ಮೊದಲು, ನಿಮ್ಮೆದುರು ನೆಲದ ಮೇಲೆ ಕೂತು ಇದನ್ನು ಬಾಯಿಬಿಟ್ಟು ಓದುತ್ತೇನೆ. ಓದಿ ಮುಗಿದ ಮೇಲೆ ನಾಲಿಗೆಯನ್ನು ಕಚ್ಚಿ ಹಿಡಿದಿರುತ್ತೇನೆ. ಆಗ ಈ ಮನೆಯಲ್ಲಿ ಯಾವ ಸದ್ದೂ ಇರುವುದಿಲ್ಲ. ನೆಲಕ್ಕೆ ಬೆರಳು ಬಡಿಯುವುದೋ ಬಿಡುವುದೋ, ಈ ಸಲ ನೀವೇ ನಿರ್ಧರಿಸಿ.