ಯಂತ್ರದ ಹಣೆ

ಮಹಾನವಮಿಯ ಮರುದಿನ ನಮ್ಮ ಮನೆಯಲ್ಲಿ ಒಂದಲ್ಲ ಒಂದು ಸ್ವಿಚ್ಚು ಮುಷ್ಕರ ಹೂಡುವುದು ವಾಡಿಕೆ. ಆಯುಧಗಳಿಲ್ಲದ ಸಂಸಾರದಲ್ಲಿ ಆಯುಧಪೂಜೆಗೆ ಸ್ವಿಚ್ಚುಗಳಲ್ಲದೆ ಇನ್ನೇನಿದೆ ಎಂಬ ಸದ್ಭಾವನೆಯಿಂದ ನನ್ನ ಧರ್ಮಪತ್ನಿ ನೀಲಮ್ಮ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಅವುಗಳ ಮೇಲೆ ಬಳಿಯುತ್ತಾಳೆ. ಸಂದಿಗಿಳಿದದ್ದನ್ನು ಕೆದಕಲು ನಾನು ಸೂಜಿ ಹಿಡಿದು ಹಿಂದೆ ಹಿಂದೆ ಓಡಾಡುತ್ತೇನೆ. ಬೇಡವೆನ್ನುವ ಧೈರ್ಯ ನನಗಿಲ್ಲ. ನಮ್ಮ ಮದುವೆಯೇ ಒಂದು ಸ್ವಿಚ್ಚಿನ ಸಂದಿಯಲ್ಲಿ ಸಿಕ್ಕಿಕೊಂಡು ಪಾರಾದದ್ದು, ನೋಡಿ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ರಾಯಚೂರಿನ ಒಂದು ಕಚೇರಿಯಲ್ಲಿ ನಾನೊಂದು ಹಳೆಯ ಮಿನಿಕಂಪ್ಯೂಟರಿನ ಪರಿಚಾರಕನಾಗಿದ್ದೆ. ಹೆಸರಿಗೆ ಮಿನಿ, ಆಕಾರದಲ್ಲಿ ಜೋಡಿ ಬೀರು. ಅದರ ಮುಂಭಾಗದ ಫಲಕದಲ್ಲಿ ಸಾಲುದೀಪ, ದೀಪಕ್ಕೊಂದು ಸ್ವಿಚ್ಚು. ಮುಂಜಾನೆ ಈ ಸ್ವಿಚ್ಚುಗಳನ್ನು ಗೊತ್ತಾದ ಕ್ರಮದಲ್ಲಿ ಮೇಲೆ ಕೆಳಗೆ ಮಾಡಿ ಉಪಚರಿಸಿದರಷ್ಟೇ ಮಹಾರಾಯ ಏಳುತ್ತಿದ್ದ.

ಮಸರಕಲ್ಲಿನ ಶರಣಪ್ಪನವರು, ಅಂದರೆ ನೀಲಮ್ಮನ ತಂದೆ, ವರನ ಕೆಲಸವನ್ನು ಕಣ್ಣಾರೆ ನೋಡದೆ ಹೆಣ್ಣು ಕೊಡುವುದಿಲ್ಲವೆಂದೂ ದಸರೆ ಮುಗಿದೊಡನೆ ಬರುವುದಾಗಿಯೂ ಹೇಳಿ ಕಳಿಸಿದ್ದರು. ನೀಲಮ್ಮನ ನಗುವನ್ನು ಒಮ್ಮೆ ನೋಡಿ ಬಂದಿದ್ದ ನನಗೆ ಊಟವೇ ರುಚಿಸುತ್ತಿರಲಿಲ್ಲ. ಯಂತ್ರ ಮಿನುಗಿ ನನ್ನ ಮಾನ ಕಾಯಬೇಕಿತ್ತು. ಅವರು ಬರುವ ದಿನವೇ ಅದು ಏಳಲಿಲ್ಲ; ಒಂದು ದೀಪ ಹೊತ್ತಲೊಲ್ಲದು. ಪಕ್ಕದ ಬಲ್ಬು ತೆಗೆದು ಅಲ್ಲಿ ಹಾಕಿದೆ, ಆಗಲೂ ಕತ್ತಲೆ. ಅಂದಮೇಲೆ ಬಲ್ಬು ನಿರಪರಾಧಿ, ದೋಷ ಸ್ವಿಚ್ಚಿನದು. ಬಗ್ಗಿ ನೋಡಿದರೆ ಸಹೋದ್ಯೋಗಿಗಳ ಭಕ್ತಿ! ಪೂಜೆಯಲ್ಲಿ ಫಲಕದ ಉದ್ದಕ್ಕೂ ಬಳಿದಿದ್ದ ಹಸಿ ವಿಭೂತಿ ಸ್ವಿಚ್ಚಿನ ಬುಡಕ್ಕಿಳಿದು, ಒಣಗಿ, ಗಾರೆಯಂತೆ ಗಟ್ಟಿಯಾಗಿತ್ತು. ವಿದ್ಯುತ್ತು ತೆಗೆದು, ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಬಟ್ಟೆ ಹಿಡಿದು ಒರೆಸುತ್ತಿದ್ದಾಗ ಬಾಗಿಲಲ್ಲಿ ಶರಣಪ್ಪನವರು ನಿಂತಿದ್ದರು. ಅವರ ಹಣೆಯ ಮೇಲೂ ಅದೇ ಮೂರು ಗೆರೆ.

“ವಿಭೂತಿ ಒರಸಾಕತ್ತೀರೇನ್ರೀ? ಇದ ಏನು ನಿಮ್ಮ ಕೆಲಸ? ಇಂಥಾ ಅಳಿಯ ನಮಗ ಬ್ಯಾಡ್ರೀ,” ಎಂದು ತಿರುಗಿಯೇ ಬಿಟ್ಟರು.

ಹೆದರಿಕೆಯಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: “ಯಪ್ಪಾ, ವಿಭೂತಿ ಹಣಿಗೆ ಹಚ್ಚಬೇಕು, ಖರೆ. ಕಣ್ಣಾಗ ಬಿದ್ರ ತೆಗೀಬೇಕಲ್ರೀ?”

ಅವರು ನಿಂತರು. ಹಿಂದಿರುಗಿ ಬಂದು, ಫಲಕವನ್ನು ಕೂಸಿನ ಮುಖ ನೋಡುವಂತೆ ನೋಡಿ, “ಯಾವ ಕಣ್ಣು? ತೋರಸ್ರಿ,” ಎಂದರು. ನಾನು ಸೂಜಿಯಿಂದ ಕೆದಕಿ ಸಡಿಲಿಸಿದ್ದ ಸ್ವಿಚ್ಚಿನ ಹತ್ತಿರ ಬಾಯಿ ತಂದು, ಕೆನ್ನೆಯುಬ್ಬಿಸಿ, ಫೂ ಎಂದು ಊದಿದರು. ಪುಡಿಯೆಲ್ಲ ನನ್ನ ಮುಖಕ್ಕೆ ಹಾರಿತು. ವಿದ್ಯುತ್ತು ಕೊಟ್ಟು ಸ್ವಿಚ್ಚು ಎತ್ತಿದೆ, ದೀಪ ಹೊತ್ತಿತು! ದೀಪವನ್ನು ಊದಿ ಆರಿಸುವವರನ್ನು ಕಂಡಿದ್ದೆ, ಊದಿ ಹೊತ್ತಿಸಿದವರು ಅವರೊಬ್ಬರೇ. ಆಮೇಲೆ ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ದೀಪಗಳ ಮೇಲಿನ ಖಾಲಿ ತಗಡಿಗೆ ಗೆರೆಯೆಳೆದು, “ಹಣಿ ಇಲ್ಲಿ ಅದ. ಕಣ್ಣಿಗೆ ಹಚ್ಚ್ಯಾರ, ಖೋಡಿಗಳು,” ಎಂದು ಗೊಣಗಿದರು. ನಮ್ಮ ಲಗ್ನ ನಿಶ್ಚಯವಾದದ್ದು ಆ ಗೊಣಗಿನಲ್ಲೇ.

ಈ ಸಲ ಅಡುಗೆಮನೆಯ ಸ್ವಿಚ್ಚು ಮುಷ್ಕರ ಹೂಡಿದಾಗ ಧೈರ್ಯ ಮಾಡಿ, ಇನ್ನಾದರೂ ವಿಭೂತಿಯನ್ನು ನಿಮ್ಮಪ್ಪನಂತೆ ಬೋರ್ಡಿನ ಹಣೆಗೆ ಹಚ್ಚೆಂದು ನೀಲಮ್ಮನನ್ನು ಬೇಡಿಕೊಂಡೆ.

“ನಮ್ಮಪ್ಪ ಊದಿದ್ದಕ್ಕ ನಿಮಗ ಹೆಣ್ಣು ಸಿಕ್ತಲ್ರೀ? ಈಗ ನೀವ ಊದ್ರಿ,” ಎಂದಳು.

ಸೂಜಿಯನ್ನು ಬದಿಗಿಟ್ಟು, ಆ ಸ್ವಿಚ್ಚಿನ ಮುಂದೆ ಕೆನ್ನೆಯುಬ್ಬಿಸಿ ಊದಿದೆ. ದೀಪವೇನೋ ಹೊತ್ತಲಿಲ್ಲ. ಬೂದಿಬಡುಕನಾದ ನನ್ನ ಮುಖ ನೋಡಿ ನೀಲಮ್ಮ ನಕ್ಕಳು. ಅಂದು ಮಸರಕಲ್ಲಿನಲ್ಲಿ ನನ್ನ ಊಟ ಕೆಡಿಸಿದ್ದು ಇದೇ ನಗು.