ಅಣ್ಣನ ಬಾಯಲ್ಲಿ ನನ್ನ ಇಟಾಲಿಯನ್

ಬಾದಾಮಿಯ ಗುಹೆಗಳನ್ನು ಇಟಲಿಯವರಿಗೆ ತೋರಿಸುವ ಗೈಡ್ ನನ್ನಣ್ಣ. ಅವನಾಡುವ ಇಟಾಲಿಯನ್ ಮಾತ್ರ ನನ್ನದು. ಇದನ್ನು ಇಷ್ಟು ವರ್ಷದಲ್ಲಿ ಒಂದು ಸಲ ಬಿಟ್ಟರೆ ಯಾರಿಗೂ ಹೇಳದೆ ಇದ್ದುದಕ್ಕೆ ನನಗೆ ನನ್ನ ಮೇಲೇ ಸಿಟ್ಟಿದೆ.

ಕುಳಗೇರಿ ಕ್ರಾಸಿನ ಶಾಲೆಗೆ ಪಾಠ ಹೇಳಲು ಹೋಗಿಬರುವ ಬಸ್ಸಿನಲ್ಲಿ ಮೊಬೈಲ್ ಕಿವಿಗಿಟ್ಟುಕೊಂಡು ಆ ಭಾಷೆ ಕಲಿತೆ. ಗೈಡ್ ಆಗುವ ಆಸೆ ಇದ್ದದ್ದು ನನಗೆ. ಹೆಣ್ಣುಮಗಳು ಪರದೇಶದವರ ಜೋಡಿ ಗುಡ್ಡ ಹತ್ತುವುದೇ ಎಂದು ಮನೆಯಲ್ಲಿ ಬೇಡವೆಂದರು. ಕೆಲಸವಿಲ್ಲದೆ ತಿರುಗುತ್ತಿದ್ದ ಅಣ್ಣ ಗೈಡ್ ಆಗಲಿ, ಹೇಳಬೇಕಾದ ಮಾತು ಅವನಿಗೆ ಬರೆದುಕೊಡು ಎಂದರು. ಒಂದು ನೋಟ್‌ಬುಕ್ ತುಂಬ ಬರೆದುಕೊಟ್ಟೆ. ಮೇಲೊಂದು ಸಾಲು ಇಟಾಲಿಯನ್, ಕೆಳಗೆ ಕನ್ನಡ ಅಕ್ಷರದಲ್ಲಿ ಅದರ ಉಚ್ಚಾರ.

ಕನ್ನಡದಲ್ಲಿ ‘ಬಂದೆ’ ಅಂದರೆ ಸಾಕು, ಬಂದದ್ದು ಗಂಡೋ ಹೆಣ್ಣೋ ಮಾತು ಕೇಳುವುದಿಲ್ಲ. ಇಟಾಲಿಯನ್ನಿನಲ್ಲಿ ಗಂಡಸು ‘ಸೋನೊ ವೆನೂತೊ’ ಅನ್ನಬೇಕು, ಹೆಂಗಸು ‘ಸೋನೊ ವೆನೂತಾ’. ಹುಟ್ಟಿದೆ, ಬೆಳೆದೆ, ಹೋದೆ, ಎಲ್ಲವೂ ಹಾಗೇ. ಅಣ್ಣನ ಬಾಯಿಗೆಂದು ಎಲ್ಲವನ್ನೂ ಗಂಡಾಗಿ ಬರೆದೆ. ‘ಬರೆದೆ’ ಅನ್ನುವುದಕ್ಕೆ ಮಾತ್ರ ಆ ಭೇದವಿಲ್ಲ. ಬರೆದವರು ಯಾರಾದರೇನು!

ಚಳಿಗಾಲದಲ್ಲಿ ಅಣ್ಣ ಪ್ರವಾಸಿಗರನ್ನು ಊಟಕ್ಕೆ ಮನೆಗೆ ಕರೆತರುತ್ತಿದ್ದ. ರೊಟ್ಟಿ ಬಡಿಸುತ್ತ ನಾನು ಅವರ ಮಾತಿಗೆ ಕಿವಿಗೊಡುತ್ತಿದ್ದೆ. ಆ ಒಂದು ತಾಸಿಗಾಗಿ ವಾರಗಟ್ಟಲೆ ಕಾಯುತ್ತಿದ್ದೆ. ಅವರು ಅವನ ಇಟಾಲಿಯನ್ ಹೊಗಳುತ್ತಿದ್ದರು, ತಾನೇ ಕಲಿತೆನೆಂದು ಅಣ್ಣ ಹಿಗ್ಗುತ್ತಿದ್ದ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಹೋದ ವರ್ಷ ಬಂದಿದ್ದ ವಯಸ್ಸಾದ ಹೆಂಗಸೊಬ್ಬರ ಕೈಗೆ ಕಪಾಟಿನ ಮೇಲಿದ್ದ ನೋಟ್‌ಬುಕ್ ಸಿಕ್ಕಿತು. ಇಷ್ಟು ಚೆಂದ ಬರೆದವರು ಯಾರು ಎಂದು ಕೇಳಿದರು. ಬಾಯಲ್ಲಿದ್ದ ತುತ್ತು ನುಂಗುವ ಮೊದಲೇ ಅಣ್ಣ ತಾನೇ ಎಂದ. ನನಗೆ ತಡೆಯಲಾಗಲಿಲ್ಲ.

“ಸೋನೊ ಸ್ತಾತಾ ಇಓ,” ಅಂದೆ. ಬರೆದವಳು ನಾನೇ, ಎಂದು. ಹೆಣ್ಣಾಗಿ, ಮೊದಲ ಸಲ.

ಅವರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ತಾಟಿನ ಪಲ್ಯ ಆರುವವರೆಗೆ ನನ್ನ ಜೋಡಿಯೇ ಮಾತಾಡಿದರು. ಅಣ್ಣ ನಗುತ್ತ ಕೂತಿದ್ದ. ಅವರನ್ನು ಕಳಿಸಿ ಬಂದು, ಚಪ್ಪಲಿ ಬಿಡುವ ಮೊದಲೇ ಹೇಳಿದ:

“ಮಂದಿ ಮುಂದ ನನ್ನ ಮರ್ಯಾದಿ ಕಳದಿ. ಇನ್ ಮ್ಯಾಲ ಯಾರನ್ನೂ ಮನಿಗೆ ಕರಕೊಂಡ ಬರೂದಿಲ್ಲ.”

ಆ ಮಾತನ್ನು ಮಾತ್ರ ಉಳಿಸಿಕೊಂಡ. ಈಗ ಪ್ರವಾಸಿಗರ ಊಟ ಹೋಟೆಲ್ಲಿನಲ್ಲಿ. ಅವರು ಕೇಳಿದ ಹೊಸ ಪ್ರಶ್ನೆಗಳನ್ನು ಪ್ರತಿ ರವಿವಾರ ತಂದು ನನ್ನ ಮುಂದಿಡುತ್ತಾನೆ. ನಾನು ಉತ್ತರ ಬರೆದುಕೊಡುತ್ತೇನೆ, ಗಂಡಾಗಿಯೇ. ಬರೆಯದಿದ್ದರೆ ಆ ಭಾಷೆಯ ಜೋಡಿ ನನಗಿರುವ ಕಡೆಯ ನಂಟೂ ಹರಿದುಹೋಗುತ್ತದೆ. ಅದು ಅವನಿಗೂ ಗೊತ್ತು.